ಕಡಲ ಆನೆಗಳ ದಾರಿಯಲ್ಲಿ ಬಲೆ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಗೆ ಕಡಲು ದೂರ. ಘಟ್ಟ ಇಳಿದು ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿದರಷ್ಟೇ ಅಲೆಗಳ ಸದ್ದು ಕಿವಿಗೆ ಬಿದ್ದೀತು. ಹೀಗಿದ್ದರೂ ಈ ಸೀಮೆಯ ಜನರಿಗೆ ಕಡಲಪ್ರಾಣಿಯೊಂದು ಒಂಬೈನೂರು ವರ್ಷಗಳಿಂದ ಪರಿಚಿತ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಹೊರಗೋಡೆಯಲ್ಲಿ ಆನೆ, ಸಿಂಹ, ಕುದುರೆ, ಹಂಸಗಳ ಸಾಲುಗಳ ಜತೆಗೆ ಮಕರಗಳ ಸಾಲೊಂದಿದೆ. ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನಂಥ ಬಾಲ! ಕಡಲಿನಿಂದ ಇಷ್ಟು ದೂರದಲ್ಲಿ ಕುಳಿತ ಶಿಲ್ಪಿಗಳು ನೀರಿನ ದೈತ್ಯನಿಗೆ ಆನೆಯ ಸೊಂಡಿಲನ್ನೇ ಅಂಟಿಸಿದರು.

ಅದು ಕಲ್ಪನೆಯ ಪ್ರಾಣಿ. ಆದರೆ ಅರಬ್ಬೀ ಸಮುದ್ರದಲ್ಲಿ ಇಂದಿಗೂ ಈಜುತ್ತಿರುವ ನಿಜವಾದ ದೈತ್ಯರಿಗೂ ಆನೆಗೂ ಒಂದು ಹೋಲಿಕೆ ಇದೆ. ಅದು ಸೊಂಡಿಲಿನದಲ್ಲ, ಬದುಕಿನ ರೀತಿಯದು. ಬೇಲೂರು, ಸಕಲೇಶಪುರ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಆನೆಗಳ ಹಿಂಡು ಅಡ್ಡಾಡುವುದನ್ನು ಅಲ್ಲಿನ ಜನ ಬಲ್ಲರು. ಆನೆ ಇಪ್ಪತ್ತೆರಡು ತಿಂಗಳು ಗರ್ಭ ಹೊರುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಒಂದೇ ಮರಿ. ಅದರ ದಾರಿ ಉದ್ದ. ಊರು, ತೋಟ, ಜಿಲ್ಲೆಗಳ ಗಡಿ ಅದಕ್ಕೆ ಗೊತ್ತಿಲ್ಲ. ಶಾರ್ಕ್, ತೊರಕೆ, ತಿಮಿಂಗಿಲ, ಕಡಲಾಮೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ನಿಧಾನವಾಗಿ ಬೆಳೆದು, ಬಹುದೂರ ಸಂಚರಿಸುವ ಇಂಥ ಜೀವಿಗಳನ್ನು ಮನುಷ್ಯ ಬೇಗ ಬೇಗ ಕೊಂದರೆ ಲೆಕ್ಕ ಕೂಡಿ ಬರುವುದಿಲ್ಲ. ಕಡಲಿನಲ್ಲಿ ಈಗ ಆಗುತ್ತಿರುವುದೇ ಅದು.

ಯಾರು ಯಾರಿಗೆ ಹೆದರಬೇಕು?

ಕರಾವಳಿಯಲ್ಲಿ ಶಾರ್ಕ್ ಮೀನಿಗೆ ತಾಟೆ ಎನ್ನುತ್ತಾರೆ. ಕೊಂಕಣಿಯವರು ಮೋರಿ ಎನ್ನುತ್ತಾರೆ. ಹೊರಗಿನವರಿಗೆ ಶಾರ್ಕ್ ಎಂದೊಡನೆ ನೆನಪಾಗುವುದು ಸಿನಿಮಾ. 1975ರಲ್ಲಿ ತೆರೆ ಕಂಡ ಹಾಲಿವುಡ್‌ನ 'ಜಾಸ್' ಚಿತ್ರ, ಶಾರ್ಕ್ ಎಂದರೆ ಮನುಷ್ಯರನ್ನು ಹುಡುಕಿಕೊಂಡು ಬಂದು ತಿನ್ನುವ ರಾಕ್ಷಸ ಎಂಬ ಭಯವನ್ನು ಜಗತ್ತಿನ ಮೂಲೆ ಮೂಲೆಗೂ ಹರಡಿತು. ಆ ಚಿತ್ರಕ್ಕೆ ಆಧಾರವಾದ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಮುಂದೆ ಶಾರ್ಕ್‌ಗಳ ರಕ್ಷಣೆಗಾಗಿಯೇ ಊರೂರು ತಿರುಗಿ ಭಾಷಣ ಮಾಡಿದರು.

ಅಂಕಿಅಂಶಗಳು ಹೇಳುವುದೇನು? ಇಡೀ ಪ್ರಪಂಚದಲ್ಲಿ ವರ್ಷವೊಂದಕ್ಕೆ ಶಾರ್ಕ್ ದಾಳಿಯಿಂದ ಸಾಯುವವರು ಸರಾಸರಿ ಹತ್ತು ಮಂದಿಯೂ ಇಲ್ಲ. ಇದಕ್ಕೆ ಎದುರಾಗಿ ಮನುಷ್ಯರಿಂದ ಸಾಯುವ ಶಾರ್ಕ್‌ಗಳು ಎಷ್ಟು? 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2019ರ ಒಂದೇ ವರ್ಷದಲ್ಲಿ ಸುಮಾರು 8 ಕೋಟಿ! ಯಾರು ಯಾರಿಗೆ ಹೆದರಬೇಕೆಂಬುದನ್ನು ಓದುಗರೇ ತೀರ್ಮಾನಿಸಬಹುದು.

ಶಾರ್ಕ್‌ಗಳ ವಂಶ 40 ಕೋಟಿ ವರ್ಷಗಳಷ್ಟು ಹಳೆಯದು. ಡೈನೋಸಾರ್‌ಗಳು ಹುಟ್ಟುವ ಮೊದಲೇ ಇವು ಕಡಲಲ್ಲಿದ್ದವು. ಡೈನೋಸಾರ್‌ಗಳು ಅಳಿದ ಮೇಲೂ ಉಳಿದುಕೊಂಡವು. ಇವುಗಳ ಮೈಯಲ್ಲಿ ಗಟ್ಟಿ ಮೂಳೆಯಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿಯ ಹಂದರ ಮಾತ್ರ. ಇಂದು 500ಕ್ಕೂ ಹೆಚ್ಚು ಜಾತಿಯ ಶಾರ್ಕ್‌ಗಳಿವೆ. ಕೆಲವು ಅಂಗೈಗಿಂತ ಸ್ವಲ್ಪ ದೊಡ್ಡವು, ಕೆಲವು ಲಾರಿಗಿಂತ ದೊಡ್ಡವು. ಇವುಗಳಲ್ಲೆಲ್ಲ ದೊಡ್ಡದು, ಜಗತ್ತಿನ ಮೀನುಗಳಲ್ಲೇ ಅತಿ ದೊಡ್ಡದು, ತಿಮಿಂಗಿಲ ಶಾರ್ಕ್. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ಅಪ್ಪಟ ಮೀನು; ಕಿವಿರಿನಿಂದಲೇ ಉಸಿರಾಡುತ್ತದೆ. ಸಾರಿಗೆ ಬಸ್ಸಿನಷ್ಟು ಉದ್ದ ಬೆಳೆಯುವುದು ಸಾಮಾನ್ಯ. 18 ಮೀಟರ್ ಮುಟ್ಟಿದ್ದೂ ಉಂಟು. ಬಾಯಿ ಒಂದೂವರೆ ಮೀಟರ್ ಅಗಲ. ಆದರೆ ತಿನ್ನುವುದು ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು, ಸಣ್ಣ ಸಿಗಡಿ, ಮೀನಿನ ಮೊಟ್ಟೆಗಳನ್ನು. ನೀರನ್ನು ಬಾಯಿಗೆ ತುಂಬಿಕೊಂಡು ಸೋಸಿ ಹೊರಬಿಡುವ ಸಾಧುಪ್ರಾಣಿ ಇದು. ಬೆನ್ನ ಮೇಲಿನ ಬಿಳಿ ಚುಕ್ಕೆಗಳ ವಿನ್ಯಾಸ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದೊಂದಕ್ಕೂ ಬೇರೆ ಬೇರೆ.

ಗಡಿಯಿಲ್ಲದ ಪಯಣ

2011ರಲ್ಲಿ ಪನಾಮ ದೇಶದ ಬಳಿ ವಿಜ್ಞಾನಿಗಳು ಹೆಣ್ಣು ತಿಮಿಂಗಿಲ ಶಾರ್ಕ್ ಒಂದಕ್ಕೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರವನ್ನು ಕಟ್ಟಿದರು. ಅದಕ್ಕೆ 'ಆನ್' ಎಂದು ಹೆಸರಿಟ್ಟರು. 841 ದಿನಗಳಲ್ಲಿ ಆನ್ ಪೆಸಿಫಿಕ್ ಮಹಾಸಾಗರವನ್ನೇ ದಾಟಿ ಮರಿಯಾನಾ ಕಂದಕದ ಹತ್ತಿರ ಕಾಣಿಸಿಕೊಂಡಿತು. ಸಾಗಿದ ದೂರ 20,000 ಕಿಲೋಮೀಟರಿಗೂ ಹೆಚ್ಚು.

ಇದೇ ಬಗೆಯ ಪಯಣ ನಮ್ಮ ಪಶ್ಚಿಮ ಕರಾವಳಿಯ ಎದುರಿನಲ್ಲೂ ನಡೆದಿದೆ. ಅರಬ್ಬೀ ಸಮುದ್ರದಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಒಂದು ಸಣ್ಣ ಗುಂಪಿದೆ. ಬೇರೆ ಸಾಗರಗಳ ಇದೇ ಜಾತಿಯ ತಿಮಿಂಗಿಲಗಳು ಧ್ರುವದತ್ತ ವಲಸೆ ಹೋದರೆ ಇವು ಮಾತ್ರ ಅರಬ್ಬೀ ಸಮುದ್ರವನ್ನು ಬಿಟ್ಟು ಕದಲುವುದಿಲ್ಲ. ಒಮಾನ್ ತೀರದಲ್ಲಿ ಇವುಗಳ ಸಂಖ್ಯೆ ನೂರಕ್ಕಿಂತ ಕಡಿಮೆ ಎಂಬ ಅಂದಾಜಿದೆ. 2017ರ ಕೊನೆಯಲ್ಲಿ ಒಮಾನ್ ಬಳಿ 'ಲುಬಾನ್' ಎಂಬ ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹ ಯಂತ್ರ ಅಳವಡಿಸಲಾಯಿತು. ಅರಬ್ಬಿಯಲ್ಲಿ ಲುಬಾನ್ ಎಂದರೆ ಧೂಪದ ಗಂಧರಸ. ಈ ಲುಬಾನ್ ನೇರವಾಗಿ ಕಡಲು ದಾಟಿ ಗೋವಾದ ಎದುರಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕನ್ಯಾಕುಮಾರಿಯವರೆಗೆ ಸಾಗಿತು. ಕಾರವಾರ, ಮಲ್ಪೆ, ಮಂಗಳೂರುಗಳ ಎದುರಿನ ಕಡಲು ಅದರ ಹೆದ್ದಾರಿಯೇ ಆಗಿತ್ತು.

ಮೇವು ಸಿಗುವೆಡೆ ಒಂದು, ಮರಿ ಹಾಕುವೆಡೆ ಇನ್ನೊಂದು. ಹೀಗಾಗಿ ಈ ಪ್ರಾಣಿಗಳಿಗೆ ಸಂಚಾರ ಅನಿವಾರ್ಯ. ತೊಂದರೆ ಇರುವುದೂ ಇಲ್ಲೇ. ಒಂದು ದೇಶ ರಕ್ಷಿಸಿದ ಪ್ರಾಣಿ ಮರುವಾರ ಇನ್ನೊಂದು ದೇಶದ ಬಲೆಗೆ ಬೀಳಬಹುದು. ದಾರಿಯ ಒಂದು ಕೊಂಡಿ ತುಂಡಾದರೂ ಇಡೀ ಪಯಣ ವ್ಯರ್ಥ.

ಬಡ್ಡಿ ಬಿಟ್ಟು ಅಸಲಿಗೇ ಕೈ

ಮಂಗಳೂರಿನ ಮಾರುಕಟ್ಟೆಯಲ್ಲಿ ಸಿಗುವ ಬಂಗುಡೆ, ಬೂತಾಯಿ ಮೀನುಗಳು ಹುಟ್ಟಿದ ಒಂದೆರಡು ವರ್ಷಗಳೊಳಗೇ ಪ್ರಾಯಕ್ಕೆ ಬಂದು, ಒಮ್ಮೆಗೆ ಸಾವಿರಾರು ಮೊಟ್ಟೆ ಇಡುತ್ತವೆ. ಹಿತಮಿತವಾಗಿ ಹಿಡಿದರೆ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಕಡಲು ತುಂಬಿಕೊಳ್ಳುತ್ತದೆ.

ತಾಟೆಯ ಸಂಸಾರ ಹಾಗಲ್ಲ. ಬಾಲವನ್ನು ಚಾಟಿಯಂತೆ ಬೀಸುವ ಥ್ರೆಷರ್ ಶಾರ್ಕ್ ಒಂದು ಬಸಿರಿಗೆ ಹಾಕುವುದು ಎರಡರಿಂದ ನಾಲ್ಕು ಮರಿ. ಗರಿ ಬಿಚ್ಚಿದ ಹಕ್ಕಿಯಂತೆ ತೇಲುವ ಮಾಂಟಾ ತೊರಕೆಗೆ ಎರಡರಿಂದ ಐದು ವರ್ಷಕ್ಕೆ ಒಂದೇ ಮರಿ. ದೊಡ್ಡ ಬಿಳಿ ಶಾರ್ಕ್‌ನ ಹೆಣ್ಣು ತಾಯಿಯಾಗಲು ಸುಮಾರು ಮೂವತ್ತು ವರ್ಷ ಬೇಕು. ತಿಮಿಂಗಿಲ ಶಾರ್ಕ್ ಮಾತ್ರ ಒಂದು ವಿಚಿತ್ರ: 1995ರಲ್ಲಿ ತೈವಾನಿನಲ್ಲಿ ಹಿಡಿದ ಹೆಣ್ಣಿನ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು. ಆದರೆ ಅವುಗಳಲ್ಲಿ ದೊಡ್ಡದಾಗುವವರೆಗೆ ಉಳಿಯುವವು ಬೆರಳೆಣಿಕೆಯಷ್ಟು. ಪ್ರಾಯಕ್ಕೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕು.

ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಬಡ್ಡಿಯನ್ನಷ್ಟೇ ಖರ್ಚು ಮಾಡಿದರೆ ಅಸಲು ಉಳಿಯುತ್ತದೆ. ಬಂಗುಡೆಯ ಬಡ್ಡಿದರ ದೊಡ್ಡದು. ತಾಟೆಯದು ತೀರಾ ಸಣ್ಣದು. ಎರಡನ್ನೂ ಒಂದೇ ಬಲೆಯಲ್ಲಿ, ಒಂದೇ ವೇಗದಲ್ಲಿ ಎಳೆದರೆ ತಾಟೆಯ ಅಸಲೇ ಕರಗುತ್ತದೆ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದ 2018ರವರೆಗೆ ಶೇಕಡಾ 71ರಷ್ಟು ಕುಸಿದಿದೆ ಎಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತಿಳಿಸಿತು. ಅದೇ ವರ್ಷ ನಡೆದ ಮತ್ತೊಂದು ಲೆಕ್ಕಾಚಾರದಂತೆ ಶಾರ್ಕ್ ಮತ್ತು ತೊರಕೆ ಜಾತಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಳಿವಿನ ಭೀತಿಯಲ್ಲಿವೆ.

ಹೋದರೆ ಹೋಗಲಿ, ನಮಗೇನು ನಷ್ಟ ಎಂದು ಕೇಳುವವರುಂಟು. ಕಾಡಿನಲ್ಲಿ ಹುಲಿ ಮಾಡುವ ಕೆಲಸವನ್ನು ಕಡಲಿನಲ್ಲಿ ದೊಡ್ಡ ಶಾರ್ಕ್‌ಗಳು ಮಾಡುತ್ತವೆ. ರೋಗಿಷ್ಟ, ದುರ್ಬಲ ಪ್ರಾಣಿಗಳನ್ನು ಹಿಡಿದು ತಿನ್ನುತ್ತವೆ. ನಡುವಿನ ಹಂತದ ಬೇಟೆಗಾರ ಮೀನುಗಳು ಮಿತಿಮೀರದಂತೆ ತಡೆಯುತ್ತವೆ. ತಿಮಿಂಗಿಲಗಳ ಮಲ ಸಾಗರದ ಮೇಲ್ಪದರಕ್ಕೆ ಗೊಬ್ಬರವಾಗಿ ಸೂಕ್ಷ್ಮಸಸ್ಯಗಳನ್ನು ಬೆಳೆಸುತ್ತದೆ. ಆ ಸಸ್ಯಗಳೇ ಮೀನುಗಳ ಆಹಾರ ಸರಪಳಿಯ ಮೊದಲ ಕೊಂಡಿ. ದೈತ್ಯರು ಹೋದ ಕಡಲು ಬರಿದಾಗುತ್ತಾ ಬಂದರೆ ಮೊದಲು ಕಂಗಾಲಾಗುವವನು ಬೆಸ್ತನೇ.

ಹಗೆಯಿಲ್ಲದ ಕೊಲೆ

ಈ ಪ್ರಾಣಿಗಳನ್ನು ಯಾರೂ ದ್ವೇಷದಿಂದ ಕೊಲ್ಲುತ್ತಿಲ್ಲ. ಹೆಚ್ಚಿನವು ಸಾಯುವುದು ತಮಗಾಗಿ ಹಾಕದ ಬಲೆಯಲ್ಲಿ. ಮಲ್ಪೆ, ಮಂಗಳೂರು, ಕಾರವಾರ ಬಂದರುಗಳಿಂದ ಹೊರಡುವ ಟ್ರಾಲ್ ದೋಣಿಗಳು ಬಲೆಯನ್ನು ಕಡಲತಳದಲ್ಲಿ ಗಂಟೆಗಟ್ಟಲೆ ಎಳೆಯುತ್ತವೆ. ಹುಡುಕುವುದು ಸಿಗಡಿ, ಬೊಂಡಾಸ, ರಾಣಿಮೀನುಗಳನ್ನು. ಜತೆಯಲ್ಲಿ ತಾಟೆಯ ಮರಿಗಳು, ತೊರಕೆಗಳು, ಉಸಿರುಗಟ್ಟಿದ ಆಮೆಗಳೂ ಬರುತ್ತವೆ. ಮೇಲ್ಪದರದಲ್ಲಿ ಗೋಡೆಯಂತೆ ಇಳಿಬಿಟ್ಟ ಬೀಡುಬಲೆಗಳಿಗೆ ದೊಡ್ಡ ಶಾರ್ಕ್‌ಗಳು ಸಿಲುಕುತ್ತವೆ. ಹರಿದು ಕಡಲಿಗೆ ಬಿದ್ದ ನೈಲಾನ್ ಬಲೆ ಯಾರೂ ಎಳೆಯದಿದ್ದರೂ ವರ್ಷಗಟ್ಟಲೆ ಕೊಲ್ಲುತ್ತಲೇ ಇರುತ್ತದೆ. ಅದಕ್ಕೇ ಅದಕ್ಕೆ 'ಭೂತಬಲೆ' ಎಂಬ ಹೆಸರು.

ಎರಡನೆಯದು ರೆಕ್ಕೆಯ ಆಸೆ. ಪೂರ್ವ ಏಷ್ಯಾದ ಔತಣಕೂಟಗಳಲ್ಲಿ ಶಾರ್ಕ್ ರೆಕ್ಕೆಯ ಸೂಪು ಪ್ರತಿಷ್ಠೆಯ ತಿನಿಸು. ರೆಕ್ಕೆಯನ್ನು ಮಾತ್ರ ಕತ್ತರಿಸಿಕೊಂಡು ಜೀವಂತ ಮೀನನ್ನು ಕಡಲಿಗೆಸೆಯುವ ಕ್ರೂರ ಪದ್ಧತಿ ಹಲವೆಡೆ ಇತ್ತು. ಭಾರತ ಸರ್ಕಾರ 2013ರಲ್ಲಿ ಇಡೀ ಮೀನನ್ನೇ ರೆಕ್ಕೆ ಸಹಿತ ದಡಕ್ಕೆ ತರಬೇಕೆಂದು ನಿಯಮ ಮಾಡಿತು. 2015ರಲ್ಲಿ ರೆಕ್ಕೆಗಳ ರಫ್ತನ್ನು ನಿಷೇಧಿಸಿತು. ಆದರೆ ಇಲ್ಲೊಂದು ಪಾಠವಿದೆ. ಜಗತ್ತಿನಾದ್ಯಂತ ರೆಕ್ಕೆ ಕತ್ತರಿಸುವುದರ ವಿರುದ್ಧ ಕಾನೂನುಗಳು ಹೆಚ್ಚಿದ ವರ್ಷಗಳಲ್ಲೇ ಸತ್ತ ಶಾರ್ಕ್‌ಗಳ ಒಟ್ಟು ಸಂಖ್ಯೆ ಇಳಿಯಲಿಲ್ಲ, ಸ್ವಲ್ಪ ಏರಿತು ಎಂದು 'ಸೈನ್ಸ್' ಪತ್ರಿಕೆಯ ಆ ಅಧ್ಯಯನವೇ ಹೇಳುತ್ತದೆ. ಇಡೀ ಮೀನನ್ನು ತರಬೇಕಾದಾಗ ಮಾಂಸಕ್ಕೂ ಮಾರುಕಟ್ಟೆ ಬೆಳೆಯಿತು. ರೆಕ್ಕೆ ಉಳಿಸಿದರೆ ಸಾಲದು, ಮೀನೇ ಉಳಿಯಬೇಕು.

ಮೂರನೆಯದು ಹಡಗು. ಮೇಲ್ಮಟ್ಟದಲ್ಲಿ ನಿಧಾನವಾಗಿ ಮೇಯುವ ತಿಮಿಂಗಿಲ ಶಾರ್ಕ್‌ಗಳು ಸರಕು ಹಡಗುಗಳ ಡಿಕ್ಕಿಗೆ ಸಿಕ್ಕಿ ಸಾಯುತ್ತವೆ. ಅವು ಸಂಚರಿಸುವ ಪ್ರದೇಶದ ಶೇಕಡಾ 90ಕ್ಕಿಂತ ಹೆಚ್ಚು ಭಾಗದಲ್ಲಿ ದೊಡ್ಡ ಹಡಗುಗಳ ಓಡಾಟವೂ ಇದೆ ಎಂದು 2022ರ ಸಂಶೋಧನೆಯೊಂದು ಕಂಡುಕೊಂಡಿತು. ಸತ್ತ ಮೀನು ಮುಳುಗಿಹೋಗುವುದರಿಂದ ಇಂಥ ಅಪಘಾತಗಳಿಗೆ ಸಾಕ್ಷಿಯೇ ಇರುವುದಿಲ್ಲ.

ನಾಲ್ಕನೆಯದು ಪ್ಲಾಸ್ಟಿಕ್. ಈ ವಿಷಯದಲ್ಲಿ ಗೆಂಡೆಹಳ್ಳಿಯೂ ಕಡಲಿನಿಂದ ದೂರವಿಲ್ಲ! ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಯಗಚಿ ಬೇಲೂರಿನ ಬಳಿ ಹರಿದು ಹೇಮಾವತಿಯನ್ನು ಸೇರುತ್ತದೆ; ಹೇಮಾವತಿ ಕಾವೇರಿಯನ್ನು ಸೇರುತ್ತದೆ; ಕಾವೇರಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅದೇ ಜಿಲ್ಲೆಯ ಸಕಲೇಶಪುರದಾಚೆ ಘಟ್ಟದಂಚಿನಲ್ಲಿ ಸುರಿದ ಮಳೆ ಕೆಂಪುಹೊಳೆಯಾಗಿ, ಕುಮಾರಧಾರಾ–ನೇತ್ರಾವತಿಗಳ ಮೂಲಕ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಹಾಸನ ಜಿಲ್ಲೆಯ ನೀರು ಎರಡೂ ಕಡಲುಗಳಿಗೆ ಹೋಗುತ್ತದೆ. ಹಳ್ಳಕ್ಕೆಸೆದ ಕವರು ಅಣೆಕಟ್ಟಿನಲ್ಲಿ ತಡೆಯಬಹುದು, ತುಂಡುತುಂಡಾಗಿ ಮುಂದೆ ಸಾಗಲೂಬಹುದು. ನೀರನ್ನೇ ಸೋಸಿ ಉಣ್ಣುವ ಪ್ರಾಣಿಗೆ ಮೇವು ಯಾವುದು, ಪ್ಲಾಸ್ಟಿಕ್ ಚೂರು ಯಾವುದು ಎಂದು ಬೇರ್ಪಡಿಸಲು ಬಾರದು.

ತವರಿಗೆ ಬಂದ ಮಗಳು

ಇಷ್ಟೆಲ್ಲ ಓದಿದ ಮೇಲೆ ಮನಸ್ಸು ಕುಗ್ಗುವುದು ಸಹಜ. ಆದರೆ ನಮ್ಮ ದೇಶದ್ದೇ ಆದ ಒಂದು ಕಥೆ ಧೈರ್ಯ ಕೊಡುತ್ತದೆ.

ಗುಜರಾತಿನ ವೆರಾವಲ್ ಸುತ್ತಮುತ್ತಲ ಕಡಲಿಗೆ ಪ್ರತಿವರ್ಷ ತಿಮಿಂಗಿಲ ಶಾರ್ಕ್‌ಗಳು ಬರುತ್ತವೆ. ಅಲ್ಲಿನ ಬೆಸ್ತರು ಅದನ್ನು 'ಬ್ಯಾರಲ್' ಎಂದು ಕರೆಯುತ್ತಿದ್ದರು. ಗಾಳಕ್ಕೆ ಪೀಪಾಯಿಗಳನ್ನು ಕಟ್ಟಿ, ಮೀನು ಮುಳುಗದಂತೆ ದಣಿಸಿ ಕೊಲ್ಲುತ್ತಿದ್ದರಿಂದ ಆ ಹೆಸರು. ಮೊದಲು ಅದರ ಪಿತ್ತಜನಕಾಂಗದ ಎಣ್ಣೆಯನ್ನು ದೋಣಿಗೆ ಬಳಿಯಲು ಉಪಯೋಗಿಸುತ್ತಿದ್ದರು. 1990ರ ದಶಕದಲ್ಲಿ ಮಾಂಸಕ್ಕೆ ತೈವಾನಿನಿಂದ ಬೇಡಿಕೆ ಬಂದೊಡನೆ ಬೇಟೆ ಜೋರಾಯಿತು. ನೂರಾರು ಮೀನುಗಳು ಹತವಾದವು. ವನ್ಯಜೀವಿ ಚಿತ್ರ ನಿರ್ಮಾಪಕ ಮೈಕ್ ಪಾಂಡೆ ಈ ಬೇಟೆಯನ್ನು 'ಶೋರ್ಸ್ ಆಫ್ ಸೈಲೆನ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದು ಜಗತ್ತಿಗೆ ತೋರಿಸಿದರು. 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಹುಲಿ, ಆನೆಗಳಿಗೆ ಸಿಗುವ ರಕ್ಷಣೆ ಮೊತ್ತಮೊದಲ ಬಾರಿಗೆ ಮೀನೊಂದಕ್ಕೆ ಸಿಕ್ಕಿತು.

ಕಾನೂನು ಬಂದಿತು, ಸರಿ. ಆದರೆ ನಡುಗಡಲಿನಲ್ಲಿ ಕಾನೂನನ್ನು ನೋಡಿಕೊಳ್ಳುವವರಾರು? 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ, ಗುಜರಾತ್ ಅರಣ್ಯ ಇಲಾಖೆಯ ಜತೆಗೂಡಿ ಆಂದೋಲನವೊಂದನ್ನು ಆರಂಭಿಸಿತು. ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಅದರ ರಾಯಭಾರಿಯಾದರು. ಅವರು ಬೆಸ್ತರಿಗೆ ಹೇಳಿದ ಮಾತು ಸರಳವಾಗಿತ್ತು: ಈ ಮೀನು ನಿಮ್ಮ ತೀರಕ್ಕೆ ಬರುವುದು ಹೆರಿಗೆಗೆ ತವರಿಗೆ ಬರುವ ಮಗಳಂತೆ, ಮನೆಗೆ ಬಂದ ಮಗಳನ್ನು ಕೊಲ್ಲುವವರುಂಟೆ? ಮೀನಿಗೆ 'ವ್ಹಾಲಿ', ಅಂದರೆ ಮುದ್ದಿನವಳು, ಎಂಬ ಹೊಸ ಹೆಸರು ಬಂತು. ಊರೂರುಗಳಲ್ಲಿ ಬೀದಿನಾಟಕಗಳಾದವು.

ಮಾತಿನ ಜತೆ ಹೊಟ್ಟೆಪಾಡಿನ ವಿಚಾರವನ್ನೂ ಮರೆಯಲಿಲ್ಲ. ಸಿಕ್ಕಿಬಿದ್ದ ಮೀನನ್ನು ಬಿಡಿಸಲು ಬಲೆ ಕತ್ತರಿಸಬೇಕು. ಬಲೆ ಎಂದರೆ ಬೆಸ್ತನ ಬಂಡವಾಳ. ಹಾಗಾಗಿ ಕತ್ತರಿಸಿದ ಬಲೆಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ವ್ಯವಸ್ಥೆಯಾಯಿತು. ಬಿಡುಗಡೆಯ ಚಿತ್ರವನ್ನು ಬೆಸ್ತರೇ ತೆಗೆದು ತೋರಿಸುವಂತೆ ಅವರಿಗೆ ಕ್ಯಾಮರಾ ಕೊಡಲಾಯಿತು. ಹಿಂದೆ ಈಟಿ ಎಸೆಯುತ್ತಿದ್ದ ಕೈಗಳೇ ಒಂಬೈನೂರಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳನ್ನು ಕಡಲಿಗೆ ಮರಳಿ ಬಿಟ್ಟಿವೆ! ಇತ್ತೀಚಿನ ವರ್ಷಗಳಲ್ಲಿ ಈ ಆಂದೋಲನ ಕೇರಳ, ಕರ್ನಾಟಕದ ತೀರಗಳಿಗೂ ವಿಸ್ತರಿಸಿದೆ.

ನಮ್ಮ ತೀರದ ಪ್ರಯತ್ನ

ಕರ್ನಾಟಕದ ಕರಾವಳಿಯಲ್ಲಿ ಇಂಥ ಕಾಳಜಿ ಮೊದಲು ಬೇರೂರಿದ್ದು ಕಡಲಾಮೆಗಳ ವಿಷಯದಲ್ಲಿ. ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಕುಂದಾಪುರ, ಹೊನ್ನಾವರ, ಕಾರವಾರ ಕಡೆಯ ಮರಳದಂಡೆಗೆ ಬಂದು ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು ಹೋಗುತ್ತವೆ. 2024ರಲ್ಲಿ ಮಂಗಳೂರಿನ ಬಳಿಯ ಸಸಿಹಿತ್ಲು ತೀರದಲ್ಲೂ ಗೂಡುಗಳು ಕಂಡುಬಂದವು. ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿ, ಊರ ಮೀನುಗಾರರ ನೆರವಿನಿಂದ ಕಾದು, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ದಂಡೆಯಲ್ಲಿ ಉಳಿದ ಮರಿ ಬಲೆಯಲ್ಲಿ ಸಾಯದಂತೆ ನೋಡಿಕೊಳ್ಳುವುದು ಮುಂದಿನ ಹೆಜ್ಜೆ. ಅದಕ್ಕೂ ಉಪಾಯವಿದೆ. ಟ್ರಾಲ್ ಬಲೆಯೊಳಗೆ ಓರೆಯಾಗಿ ಕೂರಿಸುವ ಸರಳುಗಳ ಚೌಕಟ್ಟಿಗೆ ತಾಗಿ ಆಮೆ ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ. ಸಿಗಡಿ ಸರಳುಗಳ ನಡುವೆ ನುಸುಳಿ ಬಲೆಯ ತುದಿ ಸೇರುತ್ತದೆ. ಇಂಥ ಸಾಧನವಿಲ್ಲದ ಬಲೆಗಳಲ್ಲಿ ಹಿಡಿದ ಸಿಗಡಿ ಬೇಡವೆಂದು 2019ರಲ್ಲಿ ಅಮೆರಿಕ ಭಾರತದ ಕಡಲ ಸಿಗಡಿಯ ಆಮದನ್ನು ನಿಲ್ಲಿಸಿತು. ಆಮೆಯನ್ನು ಕಡೆಗಣಿಸಿದ್ದಕ್ಕೆ ಬೆಸ್ತನ ಜೇಬಿಗೇ ಕತ್ತರಿ ಬಿತ್ತು.

ಕರಾವಳಿಯಲ್ಲಿ ಜೂನ್–ಜುಲೈ ತಿಂಗಳ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೀನುಗಳ ಸಂತಾನವೃದ್ಧಿಗೆ ಇದು ಸಹಕಾರಿ. ಆದರೆ ಎರಡು ತಿಂಗಳ ವಿರಾಮ ಬಂಗುಡೆಗೆ ನೆರವಾದಷ್ಟು, ತಾಯಿಯಾಗಲು ಹತ್ತಾರು ವರ್ಷ ಕಾಯುವ ತಾಟೆಗೆ ನೆರವಾಗದು. ಅದಕ್ಕೆ ಬೇಕಾದದ್ದು ಮರಿಗಳು ಬೆಳೆಯುವ ಕಿರುತೀರಗಳ ರಕ್ಷಣೆ, ಸಣ್ಣ ಕಣ್ಣಿನ ಬಲೆಗಳ ನಿಯಂತ್ರಣ, ಸಿಕ್ಕ ಮರಿಯನ್ನು ಜೀವಂತ ಬಿಡುವ ರೂಢಿ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಇನ್ನೂ ಹಲವು ಶಾರ್ಕ್, ತೊರಕೆಗಳನ್ನು ರಕ್ಷಣೆಯ ಪಟ್ಟಿಗೆ ಸೇರಿಸಿದೆ. ಬಲೆಯಲ್ಲಿ ಸಿಕ್ಕಿದ್ದು ಯಾವ ಜಾತಿ ಎಂದು ದೋಣಿಯವನಿಗೆ ತಿಳಿಸಿಕೊಡುವ ಕೆಲಸ ಅಷ್ಟೇ ಮುಖ್ಯ. ಗರಗಸದಂಥ ಮೂತಿಯ ಗರಗಸ ಮೀನು ಹಿಂದೆ ನಮ್ಮ ತೀರದ ಅಳಿವೆಗಳಲ್ಲಿತ್ತು. ಈಗ ಅದನ್ನು ಕಂಡವರೇ ವಿರಳ. ಪಟ್ಟಿಗೆ ಸೇರಿಸುವ ಹೊತ್ತಿಗೆ ಕಡಲಲ್ಲಿ ಉಳಿದದ್ದು ಕೆಲವೇ ಎಂಬಂತೆ ಆಗಬಾರದು.

ಮಕ್ಕಳಿಂದ ಏನಾದೀತು?

ಘಟ್ಟದ ಮೇಲಿನ ಶಾಲೆಯ ವಿದ್ಯಾರ್ಥಿಗೆ ಬಲೆ ಕತ್ತರಿಸುವ ಅವಕಾಶವಿಲ್ಲ. ಆದರೆ ಮಾಡಬಹುದಾದ ಕೆಲಸಗಳಿವೆ. ತಮ್ಮೂರಿನ ಹಳ್ಳ ಯಾವ ನದಿ ಸೇರಿ, ಯಾವ ಕಡಲಿಗೆ ಹೋಗುತ್ತದೆಂದು ನಕ್ಷೆಯಲ್ಲಿ ಗೆರೆ ಎಳೆದು ನೋಡಬಹುದು. ವಿಜ್ಞಾನ ಮೇಳಕ್ಕೆ ಅದೇ ಒಳ್ಳೆಯ ವಿಷಯ. ಮೀನು ತಿನ್ನುವ ಮನೆಗಳಲ್ಲಿ ತಾಯ್ತಂದೆಯರು ತಾಟೆ, ತೊರಕೆಗಳ ಮರಿಗಳ ಬದಲು ಬೇಗ ಬೆಳೆಯುವ ಬಂಗುಡೆ, ಬೂತಾಯಿಗಳನ್ನು ಆರಿಸಬಹುದು. ಮಾರುವವನನ್ನು ಇದು ಯಾವ ಮೀನು ಎಂದು ಕೇಳುವ ಅಭ್ಯಾಸವೇ ಒಂದು ಒಳ್ಳೆಯ ಆರಂಭ. ಶಾಲಾ ಪ್ರವಾಸ ಮಲ್ಪೆಗೋ ಮುರುಡೇಶ್ವರಕ್ಕೋ ಹೋದಾಗ ದಂಡೆಯಲ್ಲಿ ಆಡಿ ಬರುವುದರ ಜತೆಗೆ ಬಂದರಿನಲ್ಲಿ ಬಲೆಯಿಂದ ಇಳಿಯುವ ಮೀನುಗಳನ್ನೂ ನೋಡಿ, ಹಿರಿಯ ಮೀನುಗಾರರನ್ನು ಮಾತನಾಡಿಸಬಹುದು. ತಮ್ಮ ಪ್ರಾಯದಲ್ಲಿ ತಾಟೆ ಎಷ್ಟು ದೊಡ್ಡದಿರುತ್ತಿತ್ತು, ಎಷ್ಟು ಸಿಗುತ್ತಿತ್ತು ಎಂದು ಅವರು ಹೇಳುವ ಮಾತುಗಳನ್ನು ಬರೆದಿಟ್ಟುಕೊಂಡರೆ, ಮುಂದೊಂದು ದಿನ ಅದು ವಿಜ್ಞಾನಿಗಳಿಗೂ ಬೇಕಾಗುವ ದಾಖಲೆ.

ವೆರಾವಲ್‌ನಲ್ಲಿ ಕೊಲ್ಲುವವರು ಕಾಯುವವರಾಗಲು ಹಿಡಿದದ್ದು ಕೆಲವೇ ವರ್ಷ. ಆದರೆ ಅಂದು ಅವರು ಬಿಟ್ಟ ಮರಿ ತಾನೇ ತಾಯಿಯಾಗಿ ತವರಿಗೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕು. ಇಂದು ಆರನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿ ಅಷ್ಟರಲ್ಲಿ ತನ್ನ ಮಗುವನ್ನು ಶಾಲೆಗೆ ಕಳಿಸುತ್ತಿರುತ್ತಾಳೆ. ಕಡಲ ದೈತ್ಯರ ವಿಷಯದಲ್ಲಿ ಈಗ ಮಾಡಿದ ಕೆಲಸದ ಫಲ ಆಗಷ್ಟೇ ಕಾಣುತ್ತದೆ. ಈಗ ಮಾಡದೆ ಬಿಟ್ಟದ್ದರ ಫಲವೂ ಅಷ್ಟೇ.